ಬೆನ್ನಿಗೊಪ್ಪುವ ಚೀಲ

ಬ್ಲೌಸು ಹೊಲಿಯುವ ಹೆಣ್ಣುಮಗಳು ಅಳತೆ ತೆಗೆಯುತ್ತಿದ್ದವಳು ತಡೆದು, ಟೇಪನ್ನು ಇನ್ನೊಮ್ಮೆ ಹಿಡಿದು ನೋಡಿದಳು. "ಅಕ್ಕಾರ, ನಿಮ್ಮ ಎರಡೂ ಹೆಗಲು ಸರೀಕ ಇಲ್ಲರಿ. ಬಲಗಡಿದು ಮ್ಯಾಲ ಐತಿ" ಎಂದಳು. ನಾನು ನಕ್ಕುಬಿಟ್ಟೆ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿಯುವವಳ ಹೆಗಲು ಇನ್ನು ಹೇಗಿರಬೇಕು? ಮೂಡಲಗಿಯಿಂದ ಗೋಕಾಕ, ಗೋಕಾಕದಿಂದ ಹುಕ್ಕೇರಿ, ಮತ್ತೆ ತಿರುಗಿ ಮೂಡಲಗಿ. ಬಲ ಹೆಗಲಿಗೆ ಚರ್ಮದ ಚೀಲ, ಅದು ಜಾರದಿರಲೆಂದು ಹೆಗಲನ್ನು ಎತ್ತಿಕೊಂಡೇ ನಡೆಯುವುದು, ಎಡಗೈಯಲ್ಲಿ ಟಿಕೀಟಿನ ಮಷೀನು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆ ಆದಮೇಲೆ ಗಾಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಸಂದಣಿಯಲ್ಲಿ ಓರೆಯಾಗಿ ತೂರಿ ತೂರಿ ನನ್ನ ಮೈಯೇ ಓರೆಯಾಗಿತ್ತು.

ನಗು ಬಂದರೂ ನೋವು ಖರೆ. ರೊಟ್ಟಿ ಬಡಿಯುವಾಗ ಕುತ್ತಿಗೆಯಿಂದ ಮೊಣಕೈವರೆಗೆ ಎಳೆಯುತ್ತಿತ್ತು. ಗೋಕಾಕದ ಎಲುಬಿನ ಡಾಕ್ಟರು ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ರೋಗಾ ಏನೂ ಇಲ್ಲವಾ. ಮೈ ಒಂದ ಕಡೆ ವಾಲೇತಿ. ನಡೀರಿ, ಕೈ ಎತ್ರಿ, ಏನರೆ ಹತ್ರಿ" ಎಂದು ಕಳಿಸಿದರು.

ಏನು ಹತ್ತುವುದು? ನಾನು ದಿನಾಲೂ ಹತ್ತುತ್ತಿದ್ದದ್ದು ಬಸ್ಸನ್ನು.

ಅರಭಾವಿಯಲ್ಲಿ ನಮ್ಮ ಗಾಡಿ ಏರಿ ಮೂಡಲಗಿಯಲ್ಲಿ ಇಳಿಯುವ ಒಬ್ಬ ಟೀಚರ್ ಇದ್ದರು. ಸಾಲಿ ಮಕ್ಕಳಿಗೆ ಆಟ ಕಲಿಸುವವರು, ನನಗಿಂತ ಸಣ್ಣವರು. ಡಾಕ್ಟರು ಹೇಳಿದ್ದನ್ನು ಅವರ ಮುಂದೆ ಆಡಿದೆ. ಅವರು ಕೂತಲ್ಲಿಂದಲೇ ನನ್ನ ಕೈ ಹಿಡಿದರು.

"ಅಕ್ಕಾ, ಐತವಾರ ನಮ್ಮ ಕೂಡ ಗುಡ್ಡಾ ಹತ್ತಾಕ ಬರ್ರಿ. ಏಳೆಂಟು ಮಂದಿ ಹೆಣ್ಣಮಕ್ಕಳದೀವಿ."

"ಗುಡ್ಡಾ ಹತ್ತಾಕ ನಾ ಏನ ಮ್ಯಾಕಿ ಏನ್ರಿ?"

"ಮ್ಯಾಕಿಗಿಂತ ಚಲೋ ಹತ್ತತೀರಿ. ಓಡೋ ಬಸ್ಸಿನ್ಯಾಗ ಏನೂ ಹಿಡೀದ ನಿಂದರತೀರಿ, ನಾ ನೋಡೇನಲ್ಲ!"

ಆ ಮಾತು ನನಗೆ ಹಿಡಿಸಿತು. ನಾನು ಹೋದೆ. ಮೊದಲ ಕೆಲವು ವಾರ ಗೋಕಾಕದ ಸುತ್ತಲಿನ ಗುಡ್ಡಗಳ ಮೇಲೆ ಬರೀ ನಡಿಗೆ. ಕೈಚೀಲದಲ್ಲಿ ನೀರಿನ ಬಾಟಲಿ, ನಾಲ್ಕು ರೊಟ್ಟಿ. ಮುಂಜಾನೆಯ ತಂಪಿನಲ್ಲಿ ಕೆಂಪು ಬಂಡೆಗಳ ನಡುವೆ ಏರುವಾಗ ಯಾರೂ ನನ್ನನ್ನು "ಚಿಲ್ಲರೆ ಕೊಡ್ರಿ" ಎಂದು ಕೇಳುತ್ತಿರಲಿಲ್ಲ. ಅದೊಂದೇ ದೊಡ್ಡ ಸುಖ. ಮನೆಗೆ ಬಂದಾಗ ಮುಖ ನೋಡಿಯೇ ನನ್ನ ಗಂಡನಿಗೆ ಗೊತ್ತಾಗುತ್ತಿತ್ತು.

ಅವರದು ಮೂಡಲಗಿಯಲ್ಲಿ ಪಂಪಸೆಟ್ಟು ರಿಪೇರಿ ಅಂಗಡಿ. ಮಾತು ಕಡಿಮೆ. ಮುಂದಿನ ಸಲ ಹಗ್ಗ ಕಟ್ಟಿಕೊಂಡು ಬಂಡೆ ಏರುವುದಿದೆ, ತಮ್ಮ ತಮ್ಮ ನೀರು, ಊಟ ಬೆನ್ನಿಗೇ ಹಾಕಿಕೊಳ್ಳಬೇಕು ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡಿದ್ದರು. ಮೋಟಾರಿನ ಸಾಮಾನು ತರಲು ಬೆಳಗಾವಿಗೆ ಹೋದವರು ಸಂಜೆ ಒಂದು ದೊಡ್ಡ ಚೀಲ ಹೊತ್ತುಕೊಂಡು ಬಂದರು. ನೀಲಿ ಬಣ್ಣ, ಎಲ್ಲೆಲ್ಲೂ ಜಿಪ್ಪು, ಬಕಲು, ಕಿಸೆಗಳು. ನಿಲ್ಲಿಸಿದರೆ ನನ್ನ ಎದೆಮಟ್ಟ ಬರುತ್ತಿತ್ತು.

"ಅಂಗಡ್ಯಾಗ ಎಲ್ಲಾಕ್ಕಿಂತ ದೊಡ್ಡದು ಇದ ನೋಡ" ಎಂದರು. ಮದುವೆಯಾದಾಗಿನಿಂದ ಅವರು ಕೇಳದೆ ತಂದುಕೊಟ್ಟ ಸಾಮಾನು ಬಹಳ ಇಲ್ಲ. ನಾನು ಅದನ್ನು ಬೆನ್ನಿಗೆ ಹಾಕಿಕೊಂಡು ಪಡಸಾಲೆಯಲ್ಲಿ ತಿರುಗಿದೆ. ನಮ್ಮ ಅತ್ತೆ, ಎಂಬತ್ತರ ಹತ್ತಿರದವರು, ಬಾಗಿಲಲ್ಲಿ ಕೂತು, "ಬ್ಯಾಗ್ ಹೊಂಟೇತೋ, ನೀ ಹೊಂಟೀಯೋ?" ಎಂದು ಕೇಳಿದರು.

ಬಂಡೆಯ ಬುಡದಲ್ಲಿ ಟೀಚರ್ ನನಗೆ ಹೆಲ್ಮೆಟ್ ತೊಡಿಸಿ, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದು, ಹಗ್ಗದ ಗಂಟು ಎರಡು ಸಲ ನೋಡಿದರು. ಮೊದಲ ಹೆಜ್ಜೆಗಳು ಸಲೀಸಾಗಿದ್ದವು. ಒಂದಾಳು ಎತ್ತರ ಏರಿದ್ದೆನೋ ಇಲ್ಲವೋ, ಮುಂದಿನ ಹಿಡಿತ ಎಲ್ಲಿದೆ ಎಂದು ತಲೆ ಎತ್ತಿದರೆ ತಲೆ ಏಳಲೇ ಇಲ್ಲ. ಚೀಲದ ಮೇಲ್ತುದಿ ಹೆಲ್ಮೆಟ್ಟಿಗೆ ಒತ್ತಿ, ಹೆಲ್ಮೆಟ್ಟು ಕಣ್ಣಿನ ಮೇಲೆ ಇಳಿದುಬಿಟ್ಟಿತ್ತು. ಕಾಣುತ್ತಿದ್ದದ್ದು ಮೂಗಿನ ಮುಂದಿನ ಕಲ್ಲು ಮಾತ್ರ. ಕೈ ತಡಕಾಡಿ ಮೇಲೆ ಚಾಚಿದೆ. ಅಷ್ಟರಲ್ಲಿ ಚೀಲ ಒಂದು ಬದಿಗೆ ವಾಲಿ, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತಾಯಿತು. ಕಾಲು ಜಾರಿತು.

ಹಗ್ಗ ಹಿಡಿಯಿತು, ಏನೂ ಆಗಲಿಲ್ಲ. ಮೊಣಕಾಲು ತರಚಿತು ಅಷ್ಟೇ. ಆದರೆ ನಡುವೆ ತೂಗಾಡುತ್ತಾ ನಾನು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಕೆಳಗಿಳಿಸಿದ ಮೇಲೂ ಅಳು ನಿಲ್ಲಲಿಲ್ಲ. "ಟೀಚರ್ರ, ನಂದು ಇಷ್ಟಕ್ಕ ಸಾಕರಿ. ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ?" ಎಂದೆ.

ಟೀಚರ್ ನನ್ನ ಹಿಂದೆ ಬಂದು, ಚೀಲದ ಪಟ್ಟಿಗಳನ್ನು ಅಲ್ಲಲ್ಲಿ ಎಳೆದು, ನಡುವಿನ ಹತ್ತಿರ ಕೈ ಇಟ್ಟರು. "ಅಕ್ಕಾ, ಇದು ಆರಡಿ ಗಂಡಸರ ಬ್ಯಾಗ್ ಐತ್ರಿ. ವಾರಗಟ್ಟಲೆ ಅಡ್ಯಾಡವರು ಹೊರೂವಂಥಾದ್ದು. ಸೊಂಟದ ಪಟ್ಟಿ ನಿಮ್ಮ ತೊಡಿ ಮ್ಯಾಲ ಬಂದು ಕುಂತೈತಿ. ಭಾರ ಎಲ್ಲಾ ಹೆಗಲ ಮ್ಯಾಲ. ಇದನ್ನ ಹಾಕ್ಕೊಂಡು ನಾ ಹತ್ತಿದ್ರೂ ಬೀಳತಿದ್ನಿ."

ಹಾಗಾದರೆ ಬೇರೆ ಚೀಲ ಕೊಳ್ಳಬೇಕು. ಅದು ಸುಲಭ. ಮನೆಯಲ್ಲಿ ಹೇಳುವುದು ಕಷ್ಟ. ಮುಂದಿನ ಐತವಾರ ಮೈ ಸರಿಯಿಲ್ಲ ಎಂದು ಮನೆಯಲ್ಲೇ ಉಳಿದೆ. ಅದರ ಮುಂದಿನ ವಾರವೂ ಹೋಗಲಿಲ್ಲ. ನೀಲಿ ಚೀಲ ಗೂಟಕ್ಕೆ ನೇತುಬಿದ್ದಿತ್ತು, ನಾನು ಅದರ ಕಡೆ ನೋಡದೆ ಓಡಾಡುತ್ತಿದ್ದೆ. ಕೊನೆಗೆ ಗಂಡನೇ ಚಹಾ ಕುಡಿಯುತ್ತಾ ಕೇಳಿದರು.

"ಗುಡ್ಡಾ ಬಿಟ್ಟೇನ?"

"ಹಂಗೇನಿಲ್ಲರಿ..."

"ಮತ್ತ? ಅಂಜಿಕಿ ಬಂತ?"

ಅಂಜಿಕೆ ಅಂದಾಗ ನನಗೆ ತಡೆಯಲಾಗಲಿಲ್ಲ. "ಅಂಜಿಕಿ ಅಲ್ಲರಿ. ನೀವು ತಂದ ಬ್ಯಾಗ್ ನನಗ ದೊಡ್ಡದಾಗೇತಿ" ಎಂದುಬಿಟ್ಟೆ.

ಅವರು ಬಸಿಯಲ್ಲಿದ್ದ ಚಹಾ ಮುಗಿಸಿದರು. ಎದ್ದು ಚೀಲ ಇಳಿಸಿ, ತಮ್ಮ ಬೆನ್ನಿಗೆ ಹಾಕಿಕೊಂಡು, ಬಕಲು ಬಿಗಿದು ಕನ್ನಡಿಯ ಮುಂದೆ ನಿಂತರು. ಅವರು ಎತ್ತರದ ಆಳು. ಅವರಿಗೆ ಅಳತೆ ಹೊಲಿಸಿದಂತೆ ಕೂತಿತ್ತು.

"ಐದ ಇಂಚಿನ ಬೋರಿಗೆ ಆರ ಇಂಚಿನ ಮೋಟಾರ ಇಳಿಸಿದಂಗ ಆತಲ್ಲ! ಇಷ್ಟ ಹೇಳಾಕ ಇಷ್ಟ ದಿನ ಬೇಕಾತೇನ? ಹೊಲಕ್ಕ ಪಾನಾ ಪಕ್ಕಡ, ರಿಪೇರಿ ಸಾಮಾನು ಒಯ್ಯಾಕ ಇದು ನನಗ ಇರ್ಲಿ. ನಡಿ, ನಿನಗ ಒಂದು ನೋಡೂಣು" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಗೋಕಾಕದ ಪೇಟೆಯ ಅಂಗಡಿಯೊಂದಕ್ಕೆ ಮೂವರೂ ಹೋದೆವು: ನಾನು, ಗಂಡ, ಟೀಚರ್. ಮುಂದೆ ಸಾಲಿ ಮಕ್ಕಳ ಪಾಟಿಚೀಲ, ಮದುವೆಯ ಸೂಟಕೇಸು, ಒಳಗೆ ಗೋಡೆಗೆ ಬೆನ್ನಿನ ಚೀಲಗಳು. ಅಂಗಡಿಯವರು ಬಣ್ಣ ಕೇಳಿದರು. ಟೀಚರ್ ಟೇಪು ಕೇಳಿದರು. ನನ್ನ ತಲೆ ಬಗ್ಗಿಸಿ ಕುತ್ತಿಗೆಯಲ್ಲಿ ಎದ್ದು ಕಾಣುವ ಎಲುಬಿನಿಂದ ಸೊಂಟದ ಎಲುಬಿನ ಮಟ್ಟದವರೆಗೆ ಅಳೆದರು. "ಆಳಿನ ಎತ್ತರ ಅಲ್ಲರಿ, ಬೆನ್ನಿನ ಉದ್ದ ನೋಡಬೇಕು" ಎಂದು ನನ್ನ ಗಂಡನಿಗೆ ತೋರಿಸಿದರು. ಅವರು ಮೋಟಾರು ನೋಡುವಷ್ಟೇ ಶ್ರದ್ಧೆಯಿಂದ ನನ್ನ ಬೆನ್ನು ನೋಡಿದರು. ನನಗೆ ನಾಚಿಕೆಯಾಯಿತು.

ಖಾಲಿ ಚೀಲ ಎಲ್ಲವೂ ಹಗುರವೇ. ಒಳಗೆ ಭಾರ ಹಾಕಿಯೇ ನೋಡಬೇಕು ಎಂದು ಟೀಚರ್ ಹೇಳಿದ್ದೇ ತಡ, ಗಂಡ ಎದುರಿನ ಮಿಠಾಯಿ ಅಂಗಡಿಗೆ ಹೋಗಿ ಕರದಂಟಿನ ಡಬ್ಬಿಗಳನ್ನು ಎರಡೂ ಕೈತುಂಬ ತಂದರು. ಗೋಕಾಕದಲ್ಲಿ ಭಾರಕ್ಕೆ ಅದಕ್ಕಿಂತ ಚಲೋ ಸಾಮಾನು ಎಲ್ಲಿ ಸಿಗಬೇಕು?

ಮೊದಲು ಹಾಕಿಕೊಂಡದ್ದರ ಹೆಗಲ ಪಟ್ಟಿಗಳು ಬಹಳ ಅಗಲಕ್ಕಿದ್ದವು. ತೋಳು ಎತ್ತಿದ ಕೂಡಲೇ ಜಾರಿದವು. ಇನ್ನೊಂದು ದಿಂಬಿನ ಹಾಗೆ ಮೆತ್ತಗಿತ್ತು, ಮೆತ್ತಗಿದ್ದದ್ದೇ ಆರಾಮ ಎಂದು ನಾನು ತಿಳಿದಿದ್ದೆ. ಅಂಗಡಿಯ ಮೆಟ್ಟಿಲನ್ನು ಏರಿ ಇಳಿಯುವಷ್ಟರಲ್ಲಿ ಬೆನ್ನು ಬೆವೆತು, ಡಬ್ಬಿಯ ಮೂಲೆ ಪಕ್ಕೆಗೆ ಚುಚ್ಚತೊಡಗಿತು. ಆಮೇಲೆ ಎಷ್ಟು ಹಾಕಿಕೊಂಡೆನೋ. ಅಂಗಡಿಯವರಿಗೆ ಬೇಸರ ಬಂದಿತ್ತು. "ಅಕ್ಕಾರ, ಬ್ಯಾಗ್ ತೊಗೋತೀರೋ, ಹೊಲಾ ತೊಗೋತೀರೋ?" ಎಂದರು.

"ಹೊಲಾ ಆದ್ರ ನೋಡಿ ಬರಬಹುದರಿ, ಇದನ್ನ ಹೊತಗೊಂಡ ತಿರಗಬೇಕಲ್ಲ" ಎಂದೆ. ಅವರೂ ನಕ್ಕು, ಮೇಲಿನ ಅಟ್ಟದಿಂದ ಒಂದು ಬೂದಿಬಣ್ಣದ ಚೀಲ ಇಳಿಸಿದರು.

ನೋಡಲು ಏನೂ ಇರಲಿಲ್ಲ. ಸಣ್ಣದು, ಒಂದು ದಿನದ ನೀರು, ಬುತ್ತಿ, ಮಳೆಯಂಗಿ ಹಿಡಿಯುವಷ್ಟು. ಬೆನ್ನಿನ ಕಡೆ ಗಾಳಿಯಾಡುವ ಜಾಳಿಗೆ. ಟೀಚರ್ ಡಬ್ಬಿಗಳನ್ನು ಬೆನ್ನಿಗೆ ಹತ್ತಿಸಿ ಜೋಡಿಸಿ, ಮೊದಲು ಸೊಂಟದ ಪಟ್ಟಿ ಬಿಗಿದರು. ಆಮೇಲೆ ಹೆಗಲಿನದು ಎಳೆದು, ಎದೆಯ ಬಕಲು ಹಾಕಿದರು. ಯಾರೋ ಬಂದು ಕೆಳಗಿನಿಂದ ಭಾರಕ್ಕೆ ಕೈ ಕೊಟ್ಟಂತಾಯಿತು. ಎರಡೂ ಹೆಗಲು ತಾವಾಗಿಯೇ ಕೆಳಗೆ ಬಂದವು. ತೋಳು ಎತ್ತಿದೆ, ಬಗ್ಗಿದೆ, ತಲೆ ಎತ್ತಿ ಚಾವಣಿ ನೋಡಿದೆ. ಯಾವುದೂ ಅಡ್ಡ ಬರಲಿಲ್ಲ. "ಹಗ್ಗದ ಪಟ್ಟಿ ಹಾಕ್ಕೊಂಡಾಗ ಈ ಸೊಂಟದ್ದು ಬಿಚ್ಚಿ ಹಿಂದ ಸಿಗಸಬಹುದು ನೋಡ್ರಿ" ಎಂದು ಟೀಚರ್ ತೋರಿಸಿದರು.

ನಾನು ಹಾಗೇ ಅಂಗಡಿಯಿಂದ ಹೊರಗೆ ನಡೆದೆ. ಅಂಗಡಿಯವರು "ಅಕ್ಕಾರ! ಅಕ್ಕಾರ!" ಎಂದು ಹಿಂದೆ ಓಡಿ ಬಂದರು. ಕಾಯಿಪಲ್ಲೆಯವರ ಸಾಲು ದಾಟಿ, ಏರು ರಸ್ತೆ ಹತ್ತಿ ತಿರುಗಿದೆ. ಎದುರಾದ ಪ್ಯಾಸೆಂಜರ್ ಒಬ್ಬರು ಗುರುತು ಹಿಡಿದು, "ಕಂಡಕ್ಟರಕ್ಕಾ, ಇವತ್ತ ಯಾವ ರೂಟರಿ?" ಎಂದು ಕೇಳಿದರು. "ಗುಡ್ಡದ್ದರಿ!" ಎಂದೆ.

ಮುಂದಿನ ಐತವಾರ ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದರು. ಅದೇ ಬಂಡೆ. ಚೀಲ ಹೊಸದಾದರೆ ಅಂಜಿಕೆ ಹೋಗುತ್ತದೆಯೇ? ಜಾರಿದ್ದ ಜಾಗ ಬಂದಾಗ ಎರಡೂ ಕೈಯಿಂದ ಕಲ್ಲು ಅವುಚಿ ನಿಂತುಬಿಟ್ಟೆ. ಮೇಲಿನಿಂದ ಟೀಚರ್, "ಮ್ಯಾಲ ನೋಡ್ರಿ ಅಕ್ಕಾ, ಬಲಕ್ಕ ಒಂದು ಸಂದಿ ಐತಿ" ಎಂದರು. ನಾನು ಮೇಲೆ ನೋಡಿದೆ. ಈ ಸಲ ಸಂದಿ ಕಂಡಿತು, ಅದರಾಚೆ ಆಕಾಶವೂ ಕಂಡಿತು. ಉಸಿರು ಬಿಟ್ಟು ಕೈ ಚಾಚಿದೆ. ಬೆಚ್ಚಗಿನ ಕಲ್ಲು ಬೆರಳಿಗೆ ಸಿಕ್ಕಿತು. ಚೀಲ ಬೆನ್ನಿಗೆ ಅಂಟಿಕೊಂಡು ನನ್ನ ಜೊತೆಗೇ ಏರಿತು.

ಮೇಲೆ ಮುಟ್ಟಿದಾಗ ಕೆಳಗಿನಿಂದ ಒಂದು ಸಿಳ್ಳೆ ಕೇಳಿಸಿತು. ಸಿಳ್ಳೆ ಹೊಡೆಯಲು ಬರುತ್ತದೆ ಎಂದು ನನ್ನ ಗಂಡ ಅದುವರೆಗೂ ನನಗೆ ಹೇಳಿರಲಿಲ್ಲ.

ಚೀಲದ ಕಥೆ ಅತ್ತೆಯ ಕಿವಿಗೂ ಬಿತ್ತು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವರು. ಹುಡುಗಿಯಾಗಿದ್ದಾಗ ಕುರಿಹಿಂಡಿನ ಜೊತೆ ಹೊಳೆದಂಡೆಗುಂಟ ದಡ್ಡಿ ಎಂಬ ಊರಿನ ತನಕ ನಡೆದವರು. ಆ ದಂಡೆ ಇನ್ನೊಮ್ಮೆ ನೋಡಬೇಕು ಎಂದರು. ಮಳೆಗಾಲ ಕಳೆದ ಮೇಲೆ ಹುಕ್ಕೇರಿಯ ಗಾಡಿ ಹಿಡಿದು ಅತ್ತೆ, ಗಂಡ, ನಾನು ಮೂವರೂ ಹೋದೆವು. ಘಟಪ್ರಭಾ ತುಂಬಿ ಹರಿಯುತ್ತಿತ್ತು, ಎರಡೂ ಬದಿಗೆ ಹಸಿರು. ಸ್ವಲ್ಪ ದೂರ ನಡೆದ ಮೇಲೆ ಅತ್ತೆ ನಿಂತು, ನನ್ನ ಬೆನ್ನಿನ ಚೀಲದ ಕಡೆ ಕೈ ಮಾಡಿದರು.

"ಅದನ್ನ ಒಂಚೂರ ಕೊಡ ನನಗ."

ನೀರಿನ ಬಾಟಲಿ ತೆಗೆದು ಹಗುರ ಮಾಡಿ, ಪಟ್ಟಿಗಳನ್ನು ಅವರ ಬೆನ್ನಿನ ಅಳತೆಗೆ ಎಳೆದು, ಸೊಂಟದ ಬಕಲು ಹಾಕಿದೆ. ಅತ್ತೆ ಎರಡು ಹೆಜ್ಜೆ ಇಟ್ಟು, ಮೈ ಅಲುಗಿಸಿ ನೋಡಿದರು.

"ಕುರಿಮರಿ ಬೆನ್ನ ಮ್ಯಾಲ ಮಲಗಿದಂಗ ಐತಿ ನೋಡ. ಒದೆಯೂದಿಲ್ಲ, ಅಷ್ಟ ಫರಕ."

"ದಣಿದ್ರ ಹೇಳ್ರಿ ಅತ್ತಿ, ತೊಗೋತೇನಿ."

ಅವರು ಸೀರೆಯ ನಿರಿಗೆ ಮೇಲಕ್ಕೆ ಸಿಕ್ಕಿಸಿ ದಂಡೆಯ ಕಾಲುದಾರಿ ಹಿಡಿದು ಹೊರಟೇಬಿಟ್ಟರು. ನಾನೂ ಗಂಡನೂ ಹಿಂದೆ ಹಿಂದೆ, ಹೆಜ್ಜೆ ಬಿರುಸು ಮಾಡಿ ನಡೆದೆವು.