ಬೋಲ್ಟಿಗೊಂದು ವಾಷರ್

ಬೂದುಬಣ್ಣದ ಆ ಕಾರು ಮೂರನೆಯ ಸಲ ರಿಪೇರಿ ಶೆಡ್ಡಿನ ಮುಂದೆ ಬಂದು ನಿಂತಾಗ ಮೇಸ್ತ್ರಿಯ ಮಗಳು ತಲೆ ಎತ್ತಲಿಲ್ಲ. ಸದ್ದಿನಲ್ಲೇ ಗೊತ್ತಾಗಿತ್ತು. ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಅವಳ ಅಪ್ಪನಿಗೂ ಗೊತ್ತಾಗಿತ್ತು.

“ನರ್ಸಮ್ಮನ ಗಾಡಿ,” ಎಂದರು ಮೇಸ್ತ್ರಿ. “ಮತ್ತೆ ಅದೇ ದೀಪಾನಾ?”

“ಮತ್ತೆ ಅದೇ ದೀಪ!” ನರ್ಸಮ್ಮ ಇಳಿದು ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿದರು. “ಬಯಲಲ್ಲಿ ಚಿನ್ನದಂಥ ಗಾಡಿ. ಗುಡ್ಡ ಅರ್ಧ ಏರೋ ಹೊತ್ತಿಗೆ ಎಂಜಿನ್ ಕೆಟ್ಟಿದೆ ಅನ್ನೋ ದೀಪ ಹತ್ತುತ್ತೆ, ಉಸಿರೇ ಹೋಗುತ್ತೆ. ಇವತ್ತು ಒಂದು ಟ್ರ್ಯಾಕ್ಟರು ಹಾರ್ನ್ ಹೊಡೆದು ನನ್ನನ್ನ ದಾಟ್ಕೊಂಡು ಹೋಯ್ತು ಕಣಮ್ಮಾ. ಟ್ರ್ಯಾಕ್ಟರು!”

ಗುಡ್ಡದ ಮೇಲಿನ ಮನೆಗಳಲ್ಲಿ ಹಾಸಿಗೆ ಹಿಡಿದವರಿಗೆ ಔಷಧ ಹಚ್ಚಿ, ಪಟ್ಟಿ ಕಟ್ಟಿ ಬರುವುದು ಅವರ ಕೆಲಸ. ಎಂಜಿನ್ನಿಗೆ ಗಾಳಿ ತುಂಬಿ ಬಲ ಹೆಚ್ಚಿಸುವ ಟರ್ಬೋ ಇರುವ ಹಳೆಯ ಕಾರು ಅವರದು. ಒಂದು ಕಾಲದಲ್ಲಿ ಏರು ಕಂಡರೆ ಹುರುಪಿನಿಂದ ನುಗ್ಗುತ್ತಿತ್ತು.

ಮೇಸ್ತ್ರಿಯ ಮಗಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಚಿಕ್ಕಂದಿನಲ್ಲಿ ಶಾಲೆಯಿಂದ ಬಂದವಳೇ ಚೀಲ ಬಿಸಾಡಿ, ಸ್ಪ್ಯಾನರುಗಳನ್ನು ಗಾತ್ರದ ಪ್ರಕಾರ ಗೋಡೆಯ ಮೊಳೆಗಳಿಗೆ ತೂಗುಹಾಕುತ್ತಿದ್ದಳು. ಡಿಪ್ಲೊಮಾ ಮುಗಿಸಿ ಸೇರಿದ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಅವಳನ್ನು ಕೌಂಟರಿನ ಹಿಂದೆ ಕೂರಿಸಿದರು. ನಗುನಗುತ್ತಾ ಬೀಗದ ಕೈ ಇಸಿದುಕೊಳ್ಳುವುದು, ನಗುನಗುತ್ತಾ ವಾಪಸ್ ಕೊಡುವುದು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಮಂಜಾಯಿತೆಂದು ಕೇಳಿದಾಗ ಊರಿಗೆ ಬಂದಳು. ಬಂದವಳು ಅಪ್ಪನ ನೀಲಿ ಅಂಗಿಯ ತೋಳು ಮಡಚಿ ಹಾಕಿಕೊಂಡು ಕಾರಿನಡಿಗೆ ತೂರಿದಳು. ಮತ್ತೆ ಹೋಗಲಿಲ್ಲ.

ಮೇಸ್ತ್ರಿಗೆ ಈಗ ಉಳಿದಿರುವುದು ಒಂದೇ ಕೆಲಸ. ಬಿಚ್ಚಿದ ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಂದೊಂದಕ್ಕೂ ತಕ್ಕ ವಾಷರನ್ನು ಬೆರಳಿನಿಂದಲೇ ಹುಡುಕಿ ಏರಿಸಿಡುವುದು. ನಡುವೆ ತೂತಿರುವ ಆ ಲೋಹದ ಬಿಲ್ಲೆಯಿಲ್ಲದೆ ಅವರು ಜನ್ಮದಲ್ಲಿ ಒಂದು ಬೋಲ್ಟನ್ನೂ ಬಿಗಿದವರಲ್ಲ. “ಬೋಲ್ಟಿಗೊಂದು ವಾಷರ್, ಮಾತಿಗೊಂದು ಸಾಕ್ಷಿ” ಎಂಬುದು ಅವರೇ ಕಟ್ಟಿಕೊಂಡ ಗಾದೆ. ಅಂಗಡಿಯ ವಾಷರು ಅವರಿಗೆ ಆಗದು. ಹಿತ್ತಾಳೆ ತಗಡನ್ನು ತಾವೇ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅಂಥದೊಂದು ಕಣ್ಣಿಗೆ ಬಿದ್ದರೆ ಸಾಕು, ಆ ಎಂಜಿನ್ನಿಗೆ ಯಾರ ಕೈ ಬಿದ್ದಿದೆ ಎಂದು ಬೇರೆ ಹೇಳಬೇಕಿರಲಿಲ್ಲ.

ಶೆಡ್ಡಿನಲ್ಲಿ ಅರ್ಧ ಪಾಲು ಚಿಕ್ಕಪ್ಪನದು. ಇಡೀ ಶೆಡ್ಡನ್ನು ಸೋಫಾ ಅಂಗಡಿಗೆ ಬಾಡಿಗೆಗೆ ಕೊಡಬೇಕೆಂದು ಅವರ ಆಸೆ. ಕಾರು ಕಂಡದ್ದೇ ರಸ್ತೆ ದಾಟಿ ಬಂದರು.

“ಏನಮ್ಮಾ, ಗಂಡನ ಜೊತೆ ಜಗಳ ಆಡ್ಕೊಂಡು ತವರಿಗೆ ಬಂದ ಹಾಗೆ ಬರ್ತಾ ಇದೆಯಲ್ಲ ಈ ಗಾಡಿ?”

“ಬರಲಿ ಬಿಡಿ ಚಿಕ್ಕಪ್ಪ. ತವರು ಇದೆಯಲ್ಲ.”

“ಎಷ್ಟು ದಿನ ಇರುತ್ತೋ ನೋಡೋಣ. ಇನ್ನೊಂದು ಸಲ ಇದು ಇದೇ ದೀಪ ಹತ್ತಿಸ್ಕೊಂಡು ಬಂದ್ರೆ ಶೆಡ್ಡಿನ ಬೀಗದ ಕೈ ನನಗೆ ಕೊಟ್ಟುಬಿಡ್ತೀಯಾ?”

ಮೇಸ್ತ್ರಿಯ ಕೈಯಲ್ಲಿ ಉರುಳುತ್ತಿದ್ದ ಬೋಲ್ಟು ನಿಂತಿತು.

“ಕೊಡ್ತೀನಿ,” ಎಂದಳು ಅವಳು. “ಬರದಿದ್ರೆ ನೀವು ಸೋಫಾ ಅನ್ನೋ ಮಾತು ಎತ್ತಬಾರದು.”

“ಆಗಲಿ. ನರ್ಸಮ್ಮನೇ ಸಾಕ್ಷಿ.”

ಸ್ಕ್ಯಾನರ್ ಹಚ್ಚಿದರೆ ಹಳೆಯ ದೂರೇ ಬಂತು: ನಾಕ್ ಸೆನ್ಸರಿನ ಸಂಕೇತ ತೀರ ಕ್ಷೀಣ. ಎಂಜಿನ್ನಿನೊಳಗೆ ಇಂಧನ ಹೊತ್ತು ತಪ್ಪಿ ಸಿಡಿದರೆ ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಸದ್ದಾಗುತ್ತದೆ. ಅದೇ ನಾಕಿಂಗ್. ಹಾಗೆ ಬಡಿಸಿಕೊಂಡ ಎಂಜಿನ್ ಬಹಳ ದಿನ ಬಾಳದು. ಆ ಸದ್ದಿಗೆ ಕಾದು ಕೂತ ಕಿವಿ ಈ ಸೆನ್ಸರ್. ಎಂಜಿನ್ನಿನ ಮೈಗೇ ಬೋಲ್ಟಿನಿಂದ ಬಿಗಿದಿರುತ್ತದೆ. ಕಿವಿಗೆ ಏನೂ ಕೇಳಿಸುತ್ತಿಲ್ಲ ಎಂದು ಅನುಮಾನ ಬಂದರೆ ಕಾರಿನ ಕಂಪ್ಯೂಟರು ಹೆದರಿ ಟರ್ಬೋವಿನ ಬಲವನ್ನು ತಗ್ಗಿಸಿಬಿಡುತ್ತದೆ. ಏರಿನಲ್ಲಿ ಉಸಿರು ಹೋಗುತ್ತಿದ್ದುದು ಅದಕ್ಕೇ.

ಮೊದಲ ಸಲ ಅವಳು ಸೆನ್ಸರ್ ಬದಲಿಸಿದ್ದಳು. ಎರಡನೆಯ ಸಲ ವೈರು. ಈ ಸಲ ಏನನ್ನೂ ಬದಲಿಸಬಾರದು, ಮೊದಲು ತಿಳಿಯಬೇಕು ಎಂದುಕೊಂಡಳು.

ವೈರನ್ನು ಅಲ್ಲಾಡಿಸಿ, ಎಳೆದು, ಬಗ್ಗಿಸಿ ಮೀಟರಿನಲ್ಲಿ ನೋಡಿದಳು. ಎಲ್ಲೂ ಕಡಿದಿರಲಿಲ್ಲ. ಸೆನ್ಸರಿಗೆ ಮೀಟರು ಹಚ್ಚಿ, ಅದರ ಪಕ್ಕದಲ್ಲೇ ಎಂಜಿನ್ನಿನ ಮೈಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ಬಡಿದಳು. ಅಂಕಿ ಮಿಸುಕಲಿಲ್ಲ ಎನ್ನುವಷ್ಟು ಮಿಸುಕಿತು. ಸೆನ್ಸರನ್ನು ಕಳಚಿ ತಂದು, ಮೇಜಿನ ಕಬ್ಬಿಣಕ್ಕೆ ಒತ್ತಿ ಹಿಡಿದು ಬಡಿದಳು. ಅಂಕಿ ಚಂಗನೆ ನೆಗೆಯಿತು. ಇನ್ನೊಮ್ಮೆ ಬಡಿದಳು. ಮತ್ತೆ ನೆಗೆಯಿತು.

ಇಲ್ಲಿ ಕೇಳುವ ಕಿವಿ ಅಲ್ಲಿ ಏಕೆ ಕೇಳದು?

“ಅಪ್ಪ, ಮ್ಯಾನಿಫೋಲ್ಡ್ ಪೂರ್ತಿ ಬಿಚ್ತೀನಿ.”

ಸೆನ್ಸರ್ ಕೂರುವ ಜಾಗ ಆ ಗಾಳಿಕೊಳವೆಗಳ ಅಡಿಯಲ್ಲಿ ಅಡಗಿತ್ತು. ಬೆರಳು ಹೋಗುತ್ತಿತ್ತು, ಕಣ್ಣು ಹೋಗುತ್ತಿರಲಿಲ್ಲ.

“ಒಂದು ಬೋಲ್ಟಿಗೋಸ್ಕರ ಅಷ್ಟೆಲ್ಲ ಬಿಚ್ತಾರೇನೇ? ಬೆರಳಿಗೆ ಕಣ್ಣಿದ್ರೆ ಸಾಕು.”

“ನನ್ನ ಬೆರಳು ಎರಡು ಸಲ ಮೋಸ ಹೋಗಿದೆ. ನಾನು ನೋಡ್ಲೇಬೇಕು.”

ಮಧ್ಯಾಹ್ನದ ಬಿಸಿಲು ಶೆಡ್ಡಿನ ತಗಡನ್ನು ಕಾಯಿಸುತ್ತಿತ್ತು. ಒಂದೊಂದೇ ಕೊಳವೆ ಕಳಚಿ, ಬಟ್ಟೆ ಹಾಸಿ ಮಲಗಿಸಿದಳು. ಟಾರ್ಚು ಬಿಟ್ಟಾಗ ಕಂಡದ್ದು ಕಪ್ಪು ಜಿಡ್ಡಿನ ಒಂದು ಉಂಗುರ. ಬೆರಳಿಗೆ ನುಣ್ಣಗೆ ಸಿಕ್ಕಿದ್ದ ಇದನ್ನೇ ಅವಳು ಎಂಜಿನ್ನಿನ ಮೈಯೆಂದು ನಂಬಿದ್ದಳು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದಳು. ಜಿಡ್ಡಿನ ಕೆಳಗೆ ಹಳದಿ ಮಿಂಚಿತು.

ಮೀಟಿ ತೆಗೆದಳು. ಹಿತ್ತಾಳೆಯ ವಾಷರ್. ಅಂಚು ನುಣುಪಾಗಿತ್ತು.

ಅವಳು ಊರಿಗೆ ಬರುವ ಮುಂಚೆ ಒಮ್ಮೆ ಈ ಸೆನ್ಸರ್ ಬದಲಾಗಿತ್ತು. ಎಲ್ಲ ಬೋಲ್ಟಿಗೂ ಹಾಕುವಂತೆ ಅಪ್ಪ ಇಲ್ಲೂ, ಸೆನ್ಸರಿಗೂ ಎಂಜಿನ್ನಿಗೂ ನಡುವೆ, ಒಂದು ವಾಷರ್ ಕೂರಿಸಿದ್ದರು. ಹೊಸದರಲ್ಲಿ ಹೇಗೋ ನಡೆಯಿತು. ಅಡಿಯಲ್ಲಿ ತುಕ್ಕು ಹಿಡಿದಂತೆ ಕಿವಿ ಮಂದವಾಗುತ್ತಾ ಬಂತು. ಬರಿಯ ಲೋಹಕ್ಕೆ ಅಂಟಿ ಕೂರಬೇಕಾದ ಸೆನ್ಸರಿಗೆ ನಡುವೆ ಯಾರೂ ಇರಕೂಡದು.

ವಾಷರನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ರಸ್ತೆಯಾಚೆ ಚಿಕ್ಕಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಜೇಬಿಗೆ ಹಾಕಿಕೊಂಡು ವೈರು ಸಡಿಲವಾಗಿತ್ತು ಎಂದರೆ ಮುಗಿಯಿತು, ಕೇಳುವವರಿರಲಿಲ್ಲ.

“ತಗೋ,” ಎಂದು ಅಪ್ಪ ಕೈ ಚಾಚಿದರು. ಸೆನ್ಸರಿನ ಬೋಲ್ಟನ್ನು ತೊಳೆದು ಫಳಫಳ ಹೊಳೆಸಿದ್ದರು. ಅದಕ್ಕೊಂದು ಹೊಸ ಹಿತ್ತಾಳೆ ವಾಷರ್ ಏರಿಸಿಯೂ ಆಗಿತ್ತು.

ಅವಳು ಬೋಲ್ಟು ತೆಗೆದುಕೊಂಡಳು. ಖಾಲಿಯಾದ ಆ ಅಂಗೈಯಲ್ಲಿ ಹಳೆಯ ವಾಷರನ್ನಿಟ್ಟಳು. ಮೇಸ್ತ್ರಿ ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದರು.

“ಎಲ್ಲಿತ್ತು?”

“ಸೆನ್ಸರಿನ ಅಡಿಯಲ್ಲಿ. ಅಲ್ಲಿ ಏನೂ ಇರಬಾರದು ಅಪ್ಪ. ಸದ್ದು ಅದರಲ್ಲೇ ಸತ್ತುಹೋಗ್ತಿತ್ತು.”

ಅವರು ಇನ್ನೊಂದು ಸುತ್ತು ಸವರಿದರು. ಗೋಡೆಯ ಮೇಲೆ ಹಲ್ಲಿಯೊಂದು ಸ್ಪ್ಯಾನರಿನ ಹಿಂದೆ ಸರಿಯಿತು.

“ಅಂದ್ರೆ ಪಾಪದ ಗಾಡಿಗೆ ಹಿತ್ತಾಳೆ ಕಿವಿ ಮಾಡಿಟ್ಟಿದ್ದೆ ಅನ್ನು.” ವಾಷರನ್ನು ಜೇಬಿಗೆ ಹಾಕಿಕೊಂಡು ಕೇಳಿದರು, “ಬಿಗಿ ಹೇಗಿತ್ತು?”

“ಮೊದಲನೇ ಸಲ ಬಿಚ್ಚೋವಾಗ ನನ್ನ ತೋಳು ಕಿತ್ತು ಬಂತು.”

“ಹಾಂ,” ಎಂದರು ಮೇಸ್ತ್ರಿ. ದನಿಯಲ್ಲಿ ಕೊಂಚ ಸಮಾಧಾನವಿತ್ತು.

ಅವಳು ಹೊಸ ವಾಷರನ್ನು ಕಳಚಿ ಪಕ್ಕಕ್ಕಿಟ್ಟಳು. ಜಾಗವನ್ನು ಲೋಹ ಕಾಣುವವರೆಗೆ ಉಜ್ಜಿ ಒರೆಸಿದಳು. ಅಳತೆಗೆ ತಲುಪಿದಾಗ ಕಟ್ ಎನ್ನುವ ಟಾರ್ಕ್ ರೆಂಚಿನಿಂದ ಬೋಲ್ಟು ಬಿಗಿದು, ಮತ್ತೆ ಮೀಟರು ಹಚ್ಚಿ ಬಡಿದಳು. ಅಂಕಿ ನೆಗೆಯಿತು. ಆಮೇಲೆ ಕೊಳವೆಗಳನ್ನೆಲ್ಲ ಕೂರಿಸಿದಳು.

ಬಿಸಿಲು ತಗ್ಗುವ ಹೊತ್ತಿಗೆ ಕಾರು ಹೊರಟಿತು. ಸ್ಟೀರಿಂಗಿನಲ್ಲಿ ನರ್ಸಮ್ಮ, ಪಕ್ಕದಲ್ಲಿ ಸ್ಕ್ಯಾನರ್ ಹಿಡಿದ ಅವಳು, ಹಿಂದೆ ಮೇಸ್ತ್ರಿ. ಚಿಕ್ಕಪ್ಪ ಓಡಿ ಬಂದರು. “ನನ್ನ ಬಿಟ್ಟು ಪರೀಕ್ಷೆ ಮಾಡಿದ್ರೆ ನಾನು ಒಪ್ಪಲ್ಲ.”

“ಹತ್ತಿ ಚಿಕ್ಕಪ್ಪ. ಭಾರ ಇದ್ದಷ್ಟೂ ಒಳ್ಳೇದು.”

ನರ್ಸಮ್ಮ ಹೊಟ್ಟೆ ಹಿಡಿದು ನಕ್ಕರು.

ಗುಡ್ಡದ ಬುಡದಲ್ಲಿ ನರ್ಸಮ್ಮ ಗೇರ್ ಇಳಿಸಿದರು. ಎಂಜಿನ್ ದನಿ ಗಡುಸಾಯಿತು, ಟರ್ಬೋ ಸಣ್ಣಗೆ ಸಿಳ್ಳೆ ಹಾಕಿತು. ದೀಪ ಹತ್ತುತ್ತಿದ್ದ ತಿರುವು ಬಂತು. ಅವಳು ಸ್ಕ್ಯಾನರನ್ನು ಕಣ್ಣ ಹತ್ತಿರ ಹಿಡಿದಳು. ತಿರುವು ಹಿಂದೆ ಸರಿಯಿತು. ಮುಂದಿನದೂ ಸರಿಯಿತು. ಗುಡ್ಡದ ನೆತ್ತಿಯಲ್ಲಿ ಗಾಳಿ ಒಳಗೆ ನುಗ್ಗಿದಾಗಲೂ ದೀಪ ಹತ್ತಿರಲಿಲ್ಲ.

“ಎಲ್ಲಿ ಆ ಟ್ರ್ಯಾಕ್ಟರು?” ಎಂದರು ನರ್ಸಮ್ಮ. “ಈಗ ಬರಲಿ ಮಗ!”

ಚಿಕ್ಕಪ್ಪ ಕೆಮ್ಮಿದರು. “ಇಷ್ಟು ದಿನ ಏನಾಗಿತ್ತಂತೆ?”

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮೇಸ್ತ್ರಿಯ ದನಿ ಬಂತು. “ನಾನು ಹಾಕಬಾರದ ಕಡೆ ವಾಷರ್ ಹಾಕಿದ್ದೆ ಕಣೋ. ಇವಳು ಹುಡುಕಿ ತೆಗೆದಳು.”

ಚಿಕ್ಕಪ್ಪ ಕಿಟಕಿಯ ಆಚೆ ನೋಡುತ್ತಾ ಕೂತರು. ಸೋಫಾದ ಮಾತು ಎತ್ತಲಿಲ್ಲ.

ಮರುದಿನ ಶೆಡ್ಡಿನಲ್ಲಿ ಬೇರೊಂದು ಗಾಡಿ. ಅವಳು ಅದರಡಿಯಲ್ಲಿ ಮಲಗಿದ್ದಳು. ಸ್ಟೂಲಿನ ಕಡೆಯಿಂದ ಬೋಲ್ಟುಗಳ ಕಿಣಿಕಿಣಿ ಕೇಳುತ್ತಿತ್ತು. ಅದು ನಿಂತಿತು.

“ಇದು ಯಾವುದರದ್ದೇ?”

“ಬಂಪರಿಂದು.”

“ಹಾಕಬಹುದಾ?”

ಅವಳು ಕೈಯಲ್ಲಿದ್ದ ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು, ಕಾರಿನಡಿಯಿಂದ ಕಾಣುತ್ತಿದ್ದ ಅಪ್ಪನ ಚಪ್ಪಲಿಗಳನ್ನು ನೋಡಿದಳು.

“ಹಾಕಪ್ಪ,” ಎಂದಳು. “ಅದಕ್ಕೆ ಬೇಕೇ ಬೇಕು.”