ನಿಂಬೆಹಣ್ಣು ತಿಂದ ಟೈರು

ನಾನು ಬಾಯಿ ತೆರೆದರೆ ಸಾಕು, ನಮ್ಮ ಯಜಮಾನರು ನಡುವೆ ಬಾಯಿ ಹಾಕುತ್ತಾರೆ. ಚನ್ನಪಟ್ಟಣದ ಟೈರ್ ಅಂಗಡಿಯಲ್ಲೂ ಅದೇ ಆಯಿತು. ಕಾರಿನ ಮುಂದಿನ ಎಡಗಡೆ ಟೈರು ಒಳಗಿನ ಅಂಚಿನಲ್ಲಿ ಮಾತ್ರ ಬೋಳಾಗಿತ್ತು.

"ಇವಳು ಡ್ರೈವಿಂಗ್ ಕಲಿತ ಮೇಲೇ ಹಿಂಗಾಗಿರೋದು. ಇನ್ಮೇಲೆ ಕೀ ಕೊಡಲ್ಲ," ಎಂದರು.

"ಅಲೈನ್‌ಮೆಂಟ್ ಹೋಗೈತೆ. ಚಕ್ರ ಎಲ್ಲಾದ್ರೂ ಜೋರಾಗಿ ಹೊಡೀತಾ ಅಕ್ಕ?" ಅಂಗಡಿಯವನು ನನ್ನನ್ನೇ ಕೇಳಿದ.

"ಹೂಂ ಕಣಣ್ಣ. ಕಬ್ಬಾಳಲ್ಲಿ ದೇವಸ್ಥಾನದ ಮುಂದೆ ಗಾಡಿ ಪೂಜೆ ಮಾಡಿಸಿದ್ವಿ. ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಉರುಳ್ಕೊಂಡು ಹೋಯ್ತು. ಇವರು ಕಾರಲ್ಲೇ ಅದನ್ನ ಅಟ್ಟಿಸ್ಕೊಂಡು ಹೋಗಿ ಕಲ್ಲಿನ ಕಟ್ಟೆಗೆ ಗುದ್ಬುಟ್ರು."

"ದೃಷ್ಟಿ ಹೋಗ್ಬೇಕಲ್ವಾ!" ಎಂದು ಯಜಮಾನರು ಗೊಣಗಿದರು. ಅಂಗಡಿಯವನು ನಕ್ಕಿದ್ದೇ ತಡ, ಕೀ ತಾನಾಗಿ ನನ್ನ ಕೈಗೆ ಬಂತು.

ಪಕ್ಕದಲ್ಲೇ ನಿಂತಿದ್ದ ಮಗಳು ಕೇಳಿದಳು: "ನಿಂಬೆಹಣ್ಣು ಇಡದೇ ಇದ್ದಿದ್ರೆ ಕಾರಿಗೆ ಏನಾಗ್ತಿತ್ತಮ್ಮ?"