ಗೇಟಿಗೆ ಕಟ್ಟಿದ ಬನ್ನಿಯ ಬುಟ್ಟಿ

ಹಳೆಯ ಪರ್ಸನ್ನು ಎಸೆಯುವ ಮುಂಚೆ ಒಮ್ಮೆ ಕೊಡವಿದೆ. ಒಣಗಿ ಪುಡಿಯಾಗುತ್ತಿದ್ದ ಬನ್ನಿ ಎಲೆಗಳು ಮೇಜಿನ ಮೇಲೆ ಉದುರಿದವು. ದಸರೆಯ ಸಂಜೆ ಕೈಗೆ ಬಂದ ಬನ್ನಿಯನ್ನು ನಮ್ಮ ಕಡೆ ಬಂಗಾರವೆಂದು ತೆಗೆದಿಡುತ್ತಾರೆ. ಇವನ್ನು ಕೊಟ್ಟ ಪುಟ್ಟ ಕೈ ನೆನಪಾಯಿತು. ಅದರ ಹಿಂದೆಯೇ ಆ ಮಗುವಿನ ತಾಯಿ…

ಅಂಕಲಿಯಲ್ಲಿ ನಮ್ಮ ಎದುರುಮನೆಯ ಅಕ್ಕ ಆಕೆ. ನಾಲ್ಕು ವರ್ಷದ ಮಗಳ ಲಿವರ್ ಕೆಟ್ಟಾಗ ತನ್ನದರಲ್ಲೇ ಒಂದು ಭಾಗ ಕೊಟ್ಟು ಉಳಿಸಿಕೊಂಡು ಬಂದವಳು. ಊರು ಹೊಗಳಿತು. ಆದರೆ ಮನೆಗೆ ಬಂದ ಮೇಲಿನ ಬದುಕು ಊರಿಗೆ ಅರ್ಥವಾಗಲಿಲ್ಲ. ಹೊಸ ಲಿವರನ್ನು ಮೈ ತಿರಸ್ಕರಿಸಬಾರದೆಂದು ಕೊಡುತ್ತಿದ್ದ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸಿದ್ದವು. ಯಾರದೋ ಸಾದಾ ನೆಗಡಿಯೂ ಮಗುವಿನ ಜೀವಕ್ಕೆ ಎರವಾಗಬಹುದಿತ್ತು. ಸೋಂಕಿನ ಭಯಕ್ಕೆ ಎಮ್ಮೆ ಮಾರಿದರು. ಗಂಡ ಕಾರ್ಖಾನೆಯ ಪಾಳಿ ಮುಗಿಸಿ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಹೋಗುತ್ತಿದ್ದ. ಮಾತಾಡಿಸಲು ಬಂದವರೆಲ್ಲ ಗೇಟಿನಿಂದಲೇ ವಾಪಸು. ಚಿಕ್ಕೋಡಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಔಷಧಿ ತರುತ್ತಿದ್ದ ನನಗೂ ಮೊದಲು ಅದೇ ಪ್ರಶ್ನೆ: “ತಮ್ಮಾ, ಕೈ ತೊಳಕೊಂಡ್ಯಾ?”

ಆ ವರ್ಷದ ದಸರೆಗೆ ಆಕೆ ಗೇಟಿಗೆ ಒಂದು ಬುಟ್ಟಿ ಕಟ್ಟಿದಳು. ಬನ್ನಿ ಕೊಡಲು ಬಂದವರು ಅದರಲ್ಲಿ ಹಾಕಿ, ದೂರದಿಂದ ಕೈಮುಗಿದು ಹೋಗಬೇಕು.

“ಕಲೆಕ್ಟರ್ ಬಂಗ್ಲೆ ಆಗೇತಿ ನೋಡ್ರಿ! ಗೇಟಿನ್ಯಾಗ ಅರ್ಜಿ ಕೊಟ್ಟು ಹೋಗೂದು,” ಎಂದು ಯಾರೋ ನಕ್ಕರು.

ಓಣಿಯ ಹಿರಿಯಜ್ಜಿಗೆ ಮಾತ್ರ ನಗು ಬರಲಿಲ್ಲ. “ನಮ್ಮ ಕೈಯಾಗೇನ್ ಇಸಾ ಐತೇನಬೇ?”

“ಇಸಾ ಇಲ್ಲ ಆಯೀ. ನನ್ನ ಮಗಳಿಗೆ ತಾಕತ್ತಿಲ್ಲ.”

ಅಕ್ಕ ಒಳಗೆ ಹೋದಳು. ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಮಗು ಯಾವಾಗ ಹೊರಗೆ ಬಂತೋ… ಬುಟ್ಟಿಯಿಂದ ಒಂದು ಹಿಡಿ ಬನ್ನಿ ತೆಗೆದುಕೊಂಡು, ಬರಿಗಾಲಲ್ಲಿ, ನಾವೆಲ್ಲ ಕುಳಿತಿದ್ದ ಕಟ್ಟೆಗೆ ಓಡಿ ಬಂತು. ಮೊದಲು ನನ್ನ ಕೈಗೇ ಕೊಟ್ಟಿತು. “ಕಾಕಾ, ಬನ್ನಿ ತಗೋ.” ನಾನು ಏಳುವಷ್ಟರಲ್ಲಿ ಹಿರಿಯಜ್ಜಿ ಅದನ್ನು ಎತ್ತಿ ಮುದ್ದಿಟ್ಟಿದ್ದಳು. “ಬಂತ್ ನೋಡ್ರಿ ನನ್ನ ಬಂಗಾರ!” ಮಗು ಮಡಿಲಿನಿಂದ ಮಡಿಲಿಗೆ ಹೋಯಿತು. ಕೆಮ್ಮುತ್ತಿದ್ದವರೊಬ್ಬರು ಕೆನ್ನೆ ಹಿಂಡಿದರು. “ಮುಟ್ಟಬ್ಯಾಡ್ರೀ!” ಎಂದು ನಾನು ಕೂಗಿದ್ದು ನಗುವಿನಲ್ಲಿ ಮುಳುಗಿಹೋಯಿತು. ಅಕ್ಕ ಬಂದಳು. ಬೈಯಲಿಲ್ಲ. “ಕೊಡ್ರಿ,” ಎಂದಷ್ಟೇ ಹೇಳಿ ಎತ್ತಿಕೊಂಡು ಹೋದಳು.

ಕೆಲವು ದಿನಗಳಲ್ಲೇ ಜ್ವರ. ಬೆಳಗಾವಿಗೆ ನನ್ನ ಕಾರಿನಲ್ಲೇ ಹೊರಟೆವು. ಚಿಕ್ಕೋಡಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡಲಿಲ್ಲ. ಕನ್ನಡಿಯಲ್ಲಿ ಮಗುವಿನ ಒಡೆದ ತುಟಿ ಕಾಣುತ್ತಿತ್ತು.

“ಅವ್ವಾ, ಆಯಿ ನನಗ ಮುತ್ತು ಕೊಟ್ಟಳು. ನಾಳಿಗೂ ಹೋಗೂಣು?”

“ಹೋಗೂಣು ನನ್ನವ್ವಾ,” ಎಂದ ಅಕ್ಕ ಕಿಟಕಿಯಾಚೆ ಮುಖ ತಿರುಗಿಸಿದಳು. ಆಮೇಲೆ ಮಗು ಮಾತಾಡಲಿಲ್ಲ. ಇಂದಿಗೂ ಆ ರಸ್ತೆಯಲ್ಲಿ ಟ್ರ್ಯಾಕ್ಟರಿನ ಹಿಂದೆ ಬ್ರೇಕ್ ಹಾಕಿದರೆ ಕಣ್ಣು ತಾನಾಗಿಯೇ ಕನ್ನಡಿಗೆ ಹೋಗುತ್ತದೆ… ಉಸಿರಾಡುತ್ತಿದೆಯೇ?

ಮಗು ಬದುಕಿತು. ಊರು ಹೆದರಿತು. ಗೇಟಿನ ಬಳಿ ನಿಂತು ಮಾತಾಡುವವರೂ ಇಲ್ಲವಾದರು.

ಮರುವರ್ಷದ ದಸರೆಗೆ ಡಾಕ್ಟರು ಮಗು ನಾಲ್ಕು ಜನರೊಂದಿಗೆ ಬೆರೆಯಬಹುದೆಂದು ಹೇಳಿದ್ದರು. ಅಕ್ಕ ಬುಟ್ಟಿ ಬಿಚ್ಚಿದಳು, ಗೇಟು ತೆರೆದಳು. ತಾಟಿನಲ್ಲಿ ಬನ್ನಿ, ಪಕ್ಕದಲ್ಲಿ ಹೊಸ ಫ್ರಾಕಿನ ಮಗಳು. ಜನ ರಸ್ತೆಯ ನಮ್ಮ ಬದಿಯಿಂದಲೇ ಕೈಮುಗಿದು ಸಾಗಿದರು. ನನಗೆ ಅಂದು ನೆಗಡಿ. ನಮ್ಮ ಪಡಸಾಲೆಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಹಿರಿಯಜ್ಜಿ ಬಂದಾಗ ಅಕ್ಕ ತಾನೇ ರಸ್ತೆಗಿಳಿದಳು.

“ಈಗ ಮುಟ್ಟಬಹುದು ಆಯೀ. ಡಾಕ್ಟರ್ ಅಂದಾರ.”

ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಬ್ಯಾಡ ತಂಗೀ. ನನ್ನ ಕೈ ಬ್ಯಾಡ. ಕೂಸು ಬದುಕ್ಲಿ.”

ಕತ್ತಲಾಗುವವರೆಗೆ ತಾಟು ಹಿಡಿದು ನಿಂತಿದ್ದ ಅಕ್ಕ ಆಮೇಲೆ ಗೇಟು ಹಾಕಿಕೊಂಡಳು.

ಬೇಸಿಗೆಯಲ್ಲಿ ಅವರು ನಿಪ್ಪಾಣಿಗೆ ಮನೆ ಬದಲಿಸಿದರು. ಅಲ್ಲಿ ಮಗಳ ಕಾಯಿಲೆಯ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಹೋಗುವಾಗ ಅಕ್ಕ ಅಂದಿದ್ದಳು. ಮಗಳು ಶಾಲೆಗೆ ಹೋಗುತ್ತಿದ್ದಾಳೆಂದು ಒಮ್ಮೆ ಫೋನು ಬಂದಿತ್ತು. ಆ ನಂಬರು ಈಗ ಹತ್ತುವುದಿಲ್ಲ. ಹಿರಿಯಜ್ಜಿಯೂ ಇಲ್ಲ. ಎದುರಿನ ಗೇಟಿಗೆ ಬುಟ್ಟಿ ಕಟ್ಟಿದ್ದ ತಂತಿ ತುಕ್ಕು ಹಿಡಿದು ಹಾಗೆಯೇ ಇದೆ.

ಎಲೆಗಳನ್ನು ಹೊಸ ಪರ್ಸಿಗೆ ಸೇರಿಸಬೇಕಿತ್ತು. ಚಾಚಿದ ಕೈಯನ್ನು ಹಿಂದೆಳೆದುಕೊಂಡೆ. ಎದ್ದು ಹೋಗಿ, ಸೋಪು ಹಚ್ಚಿ, ಕೈ ತೊಳೆದುಕೊಂಡು ಬಂದೆ. ಕೇಳುವವರು ಯಾರೂ ಇರಲಿಲ್ಲ.